ನೋಡದೆ ಹೇಳಿದ ಅಡ್ಡಿಲ್ಲೆ

ಶಿರಸಿ

ಇಂಗ್ಲೆಂಡಿಗೆ ಹೋಗಿ ಬಂದವನು ಎಂಬ ಹೆಸರಿನಲ್ಲಿ ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಭಾಷಣ ಮಾಡಿದ್ದೇನೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಸಹಕಾರಿ ಸಂಘದ ಸಭೆಯಲ್ಲಿ, ಒಮ್ಮೆ ಸ್ವರ್ಣವಲ್ಲಿ ಮಠದಲ್ಲಿ ಊಟಕ್ಕೆ ಎಲೆ ಹಾಕುವ ಮುಂಚಿನ ಬಿಡುವಿನಲ್ಲಿ ಕೂಡ. ಎಲ್ಲ ಕಡೆಯೂ ಹೇಳಿದ್ದು ಒಂದೇ ಕಥೆ. ಎರಡು ಸಾವಿರ ಅಡಿ ಎತ್ತರದಲ್ಲಿ ವಿಮಾನದ ಬಾಗಿಲಿನಿಂದ ಹೊರಗೆ ಕಾಲಿಟ್ಟದ್ದು, ಬೆನ್ನ ಮೇಲಿನ ಕೊಡೆ, ಅಂದರೆ ಪ್ಯಾರಾಚೂಟು, ಬಿಚ್ಚಿಕೊಂಡದ್ದು, ಬೀಟ್‌ರೂಟಿನ ಗದ್ದೆಯಲ್ಲಿ ಮುಗ್ಗರಿಸಿ ಬಿದ್ದದ್ದು. ಬಿದ್ದಲ್ಲಿಗೆ ಬಂದಾಗ ಜನ ನಗುತ್ತಿದ್ದರು, ನಾನು ಕೈ ಮುಗಿದು ಕೂತುಕೊಳ್ಳುತ್ತಿದ್ದೆ.

ನಿಮ್ಮ ಜೊತೆ ಬನವಾಸಿಯ ಈರಪ್ಪ ಹೋಗಿದ್ದನಲ್ಲ, ಅವನೂ ಹಾರಿದನೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆ. ಅಂದು ಒಂದೇ ವಿಮಾನದಲ್ಲಿ ಇಬ್ಬರೂ ಮೇಲೆ ಹೋದೆವು. ನಾನು ಕೊಡೆಯಲ್ಲಿ ಇಳಿದೆ, ಅವನು ವಿಮಾನದಲ್ಲೇ ವಾಪಸು ಇಳಿದ. ಹಾಗಾಗಲು ಕಾರಣ ನಾನು. ಭಾಷಣದಲ್ಲಿ ನುಂಗಿಕೊಂಡ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ನಾವಿಬ್ಬರೂ ಒಬ್ಬರಿಗೊಬ್ಬರು ಬಹುವಚನವೇ. ಬರೆಯಲು ಕೂತರೆ ಏಕವಚನ ಬರುತ್ತಿದೆ, ತಿದ್ದುವುದಿಲ್ಲ.

ಹಡಗು

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಸುಣ್ಣದ ಔಷಧಿಯನ್ನು ವಿಮಾನದಿಂದಲೇ ಹೊಡೆದರೆ ಹೇಗೆ ಎಂದು ಮೇಲಿನವರು ಯಾರಿಗೋ ಹೊಳೆಯಿತು. ಇಂಗ್ಲೆಂಡಿನಲ್ಲಿ ಹೊಲಗಳ ಮೇಲೆ ಹಾಗೆ ಮಾಡುತ್ತಾರಂತೆ, ನೋಡಿ ಬನ್ನಿ ಎಂದು ಇಬ್ಬರನ್ನು ಆರಿಸಿದರು. ಒಬ್ಬ ನಾನು, ಕಾನಸೂರಿನ ಹೆಗಡೆ, ಉಮ್ಮಚಗಿಯ ಸುತ್ತಮುತ್ತ ಕೈಪಂಪು ಹಿಡಿಸಿಕೊಂಡು ಓಡಾಡುತ್ತಿದ್ದ ಕೃಷಿ ಸಹಾಯಕ. ಇನ್ನೊಬ್ಬ ಈರಪ್ಪ. ಬನವಾಸಿಯ ಬಟ್ಟೆ ವ್ಯಾಪಾರದ ಮನೆಯವನು, ಇಲಾಖೆಯಲ್ಲಿ ಭತ್ತದ ಕಡೆ ನೋಡಿಕೊಳ್ಳುತ್ತಿದ್ದ. ಅದುವರೆಗೆ ನಮ್ಮಿಬ್ಬರ ಪರಿಚಯ ಶಿರಸಿಯ ಕಚೇರಿಯಲ್ಲಿ ಒಂದೇ ಬೆಂಚಿನ ಮೇಲೆ ಸಾಹೇಬರಿಗಾಗಿ ಕಾದದ್ದು, ಅಷ್ಟೇ.

ಹಡಗು ಮುಂಬಯಿ ಬಿಟ್ಟ ಎರಡನೆಯ ದಿನವೇ ನನ್ನ ಟ್ರಂಕಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಒಡೆದು, ಹೊಸ ಕೋಟಿನ ಎಡ ತೋಳು ಮಸಾಲೆ ಕುಡಿಯಿತು. ಇಂಗ್ಲೆಂಡು ಮುಟ್ಟುವವರೆಗೂ ನನ್ನ ಹತ್ತಿರ ಕೂತವರು ಮೂಗು ಅರಳಿಸಿ ಸುತ್ತ ನೋಡುತ್ತಿದ್ದರು. ನನಗೆ ಸಮುದ್ರ ಹಿಡಿಸಲಿಲ್ಲ, ಮಲಗಿಯೇ ಇದ್ದೆ. ಈರಪ್ಪ ಮಾತ್ರ ದಿನವೂ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿ, ಎದೆಯ ಮೇಲೆ ದಾರದಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದ. ಆಮೇಲೆ ನನಗೆ ಲಿಂಬೆಹಣ್ಣು ಕೊಯ್ದು ಕೊಡುತ್ತಿದ್ದ. ಆ ಕರಡಿಗೆ ಅವನ ಮೈಯಿಂದ ಬೇರೆಯಾದದ್ದನ್ನು ನಾನು ಕಂಡಿಲ್ಲ.

ಒಂದು ಸಂಜೆ ಹಡಗಿನ ಕಟಾಂಜನ ಹಿಡಿದು ನಿಂತಾಗ ಅವನು ತನ್ನ ಆಸೆ ಹೇಳಿದ. “ನಾ ಸಣ್ಣಾಂವ ಇದ್ದಾಗ ವರದಾ ಹೊಳಿ ದಂಡಿ ಮ್ಯಾಲ ಕುಂತು ಹದ್ದು ನೋಡ್ತಿದ್ನಿರಿ, ಹೆಗಡೇರ. ರೆಕ್ಕಿ ಬಡೀಲಾರದನ ಹೆಂಗ ನಿಂದರತೈತಿ ಅಂತ. ಅದಕ್ಕ ಕೆಳಗಿಂದು ಹೆಂಗ ಕಾಣ್ತಿರಬೇಕು? ಒಮ್ಮೆ ನೋಡಬೇಕ್ರಿ.”

ನಾನು ಮಲಗಿದಲ್ಲಿಂದ ಎದ್ದು ಬಂದದ್ದೇ ದೊಡ್ಡದಾಗಿತ್ತು. “ಅಡ್ಡಿಲ್ಲೆ” ಎಂದೆ.

ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಚಾ ಹೇಗಿದೆ? ಅಡ್ಡಿಲ್ಲೆ. ಜ್ವರ ಹೇಗಿದೆ? ಅಡ್ಡಿಲ್ಲೆ. ಮದುವೆಯ ಗಂಡು? ಅಡ್ಡಿಲ್ಲೆ. ಚೆನ್ನಾಗಿದೆ, ಸುಮಾರಾಗಿದೆ, ನಡೆಯುತ್ತದೆ, ನನಗೆ ಗೊತ್ತಿಲ್ಲ, ಬಿಡು ಮಾರಾಯ, ಎಲ್ಲಕ್ಕೂ ಅದೇ. ಹುಟ್ಟಿದಾಗಿನಿಂದ ಬಾಯಲ್ಲಿ ಕೂತ ಮಾತು, ಕೇಳುವವರ ಪ್ರಶ್ನೆ ಮುಗಿಯುವ ಮೊದಲೇ ಬಂದುಬಿಡುತ್ತದೆ.

ಮಿಸೆಸ್ ಪಾಮರ್ ಮನೆ

ವಿಮಾನದ ಬಯಲಿನ ಹತ್ತಿರ ನಮಗೆ ಬಿಡಾರ ಕೊಟ್ಟ ಮುದುಕಿ ಮಿಸೆಸ್ ಪಾಮರ್. ಒಬ್ಬಳೇ ಇದ್ದಳು. ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದಕ್ಕೆ ಮೊದಲ ದಿನ ಮೊಟ್ಟೆ ಇಟ್ಟಳು, ಎರಡನೆಯ ದಿನ ಮೀನು ಇಟ್ಟಳು, ಮೂರನೆಯ ದಿನ ಕೈಚೆಲ್ಲಿ ಅಡುಗೆಮನೆಯನ್ನೇ ನಮಗೆ ಬಿಟ್ಟುಕೊಟ್ಟಳು. ಈರಪ್ಪನ ಹಣೆಯ ವಿಭೂತಿಯನ್ನು ಬೂದಿ ಮೆತ್ತಿಕೊಂಡಿದೆ ಎಂದುಕೊಂಡು ತನ್ನ ಕರವಸ್ತ್ರ ಒದ್ದೆ ಮಾಡಿ ಒರೆಸಲು ಬಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು ನಕ್ಕ, ಅವಳೂ ನಕ್ಕಳು. ಮರುದಿನದಿಂದ ಅವನ ಪೂಜೆಯ ಹೊತ್ತಿಗೆ ರೇಡಿಯೋ ನಿಲ್ಲಿಸುತ್ತಿದ್ದಳು.

ಅವಳಿಗೊಂದು ಚಟ. ಹೊರಗೆ ಹೊರಡುವಾಗ ಗ್ಯಾಸಿನ ಒಲೆಯ ಕಿವಿ ತಿರುಗಿಸುತ್ತಾಳೆ. ಬಾಗಿಲವರೆಗೆ ಬಂದು ತಿರುಗಿ ಹೋಗಿ ಮತ್ತೆ ಮುಟ್ಟಿ ನೋಡುತ್ತಾಳೆ. ಬಾಗಿಲಿಗೆ ಬೀಗ ಹಾಕಿ ಜಗ್ಗುತ್ತಾಳೆ, ಮೂರು ಮೆಟ್ಟಿಲು ಇಳಿದು ಮತ್ತೆ ಹತ್ತಿ ಜಗ್ಗುತ್ತಾಳೆ. ನಿಮಗೆ ನಿಮ್ಮ ಕೈಯ ಮೇಲೇ ನಂಬಿಕೆ ಇಲ್ಲವೇ ಎಂದು ತಮಾಷೆ ಮಾಡಿದೆ. “ಕೈಯ ಮೇಲೆ ಇದೆ, ತಲೆಯ ಮೇಲೆ ಇಲ್ಲ” ಎಂದಳು. ಕಾನಸೂರಿನಲ್ಲಿ ನಮ್ಮ ಮನೆಯ ಹೊರಬಾಗಿಲಿಗೆ ಬೀಗವೇ ಇಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ.

ವಿಮಾನದ ಬಯಲು

ಔಷಧಿ ಹೊಡೆಯುವ ವಿಮಾನವೆಂದರೆ ನಾನು ಏನೋ ದೊಡ್ಡದನ್ನು ಎಣಿಸಿದ್ದೆ. ಹುಲ್ಲುಗಾವಲಿನಲ್ಲಿ ನಿಂತದ್ದು ನಮ್ಮ ಬಸ್ಸಿಗಿಂತ ಚಿಕ್ಕದು. ಮೈಯೆಲ್ಲ ಬಟ್ಟೆ, ಬೆರಳಲ್ಲಿ ತಟ್ಟಿದರೆ ಡೋಲಿನ ಸದ್ದು. ಅದರ ಪೈಲಟ್ ಡಿಕ್, ಮಾತು ಕಡಿಮೆ. ದಿನವೂ ಹತ್ತುವ ಮೊದಲು ಅವನು ವಿಮಾನಕ್ಕೆ ಒಂದು ಸುತ್ತು ಬರುತ್ತಿದ್ದ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ, ಬಲಗಡೆಯಿಂದ. ರೆಕ್ಕೆಯ ತುದಿ ಅಲುಗಿಸುವುದು, ಬಾಲದ ಕೀಲು ಮೇಲೆ ಕೆಳಗೆ ಆಡಿಸುವುದು, ಚಕ್ರಕ್ಕೆ ಒದೆಯುವುದು, ಪೆಟ್ರೋಲಿನ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುವುದು. ಟ್ಯಾಂಕು ತುಂಬಿಸಿದ್ದು ನಾನೇ, ಐದು ನಿಮಿಷವಾಗಿಲ್ಲ ಎಂದರೂ ಕಡ್ಡಿ ಅದ್ದುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ನನ್ನ ಮಾತಿಗೆ ಬೆಲೆಯೇ ಇಲ್ಲವೇ?

ಉಮ್ಮಚಗಿಯ ಕೊನೆಗೌಡನೂ ಹೀಗೆಯೇ. ಅಡಿಕೆಯ ಕೊನೆ ಇಳಿಸಲು ಮರ ಹತ್ತುವ ಮುಂಚೆ ಕಾಲಿಗೆ ಸಿಕ್ಕಿಸಿಕೊಳ್ಳುವ ಬಳ್ಳಿಯನ್ನು ಮೂರು ಸಲ ಜಗ್ಗಿ ನೋಡುತ್ತಾನೆ. ಪ್ರತಿ ಮರಕ್ಕೂ. ಹೊತ್ತಾಯಿತು ಮಾರಾಯ, ಹತ್ತು ಎಂದು ನಾನು ಎಷ್ಟೋ ಸಲ ಅವಸರ ಮಾಡಿದ್ದೇನೆ. ಅವನು ಕಿವಿಗೆ ಹಾಕಿಕೊಂಡವನಲ್ಲ.

ಒಂದು ದಿನ ಡಿಕ್ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾರಿದ. ಮೇಲೆ ಹೋದ ಮೇಲೆ ನನ್ನ ಕಾಲುಗಳ ನಡುವಿನ ಕೋಲನ್ನು ಹಿಡಿದುಕೊ ಎಂದ. ನಾನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ವಿಮಾನ ಮೂಗು ಎತ್ತಿತು, ಕೂಡಲೇ ಮೂಗು ತಗ್ಗಿಸಿತು. “ಎರಡು ಬೆರಳು ಸಾಕು, ಅದಕ್ಕೆ ಹಾರಲು ಬರುತ್ತದೆ, ನೀನು ಅಡ್ಡ ಬರಬೇಡ” ಎಂದು ಹಿಂದಿನಿಂದ ಕೂಗಿದ. ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಮನೆಗೆ ಬರೆದ ಕಾಗದದಲ್ಲಿ ಅದು ‘ನಾನು ಈಗ ವಿಮಾನ ನಡೆಸುತ್ತೇನೆ’ ಎಂದಾಯಿತು. ಆ ಕಾಗದವನ್ನು ಕಾನಸೂರಿನ ಪೋಸ್ಟಿನ ಜಗುಲಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಫೋಟೋ ಕಳಿಸು ಎಂದು ಅಪ್ಪ ಬರೆದರು. ನನಗೆ ಫೋಟೋದ ಹುಚ್ಚು ಹತ್ತಿದ್ದು ಆಗ.

ಮೂರು ಭಾನುವಾರ

ಭಾನುವಾರ ಅದೇ ಬಯಲಿನಲ್ಲಿ ಕೊಡೆ ಕಟ್ಟಿಕೊಂಡು ಹಾರುವವರ ಒಂದು ಗುಂಪು ಸೇರುತ್ತಿತ್ತು. ಕಲಿಸುವವನು ಬ್ರೌನ್, ಯುದ್ಧದಲ್ಲಿ ಹಾರಿದವನು, ಒಂದು ಕಿವಿ ಕೇಳುತ್ತಿರಲಿಲ್ಲ. ಅವರದು ಬಾಗಿಲಿರುವ ಬೇರೆ, ದೊಡ್ಡ ವಿಮಾನ, ಅದನ್ನೂ ಡಿಕ್ಕನೇ ಹಾರಿಸುತ್ತಿದ್ದ. ಈರಪ್ಪ ಮೊದಲ ಭಾನುವಾರವೇ ಹೋಗಿ ಬ್ರೌನನ ಮುಂದೆ ನಿಂತ. ಅವನು ಹೋದ ಮೇಲೆ ನಾನು ಹೋಗದಿರುವುದು ಹೇಗೆ? ಫೋಟೋ ಬೇರೆ ಬೇಕಾಗಿತ್ತು.

ಮೂರು ಭಾನುವಾರ ನೆಲದ ಮೇಲೇ ಕಲಿಕೆ. ಮೇಜಿನ ಮೇಲಿಂದ ಹಾರಿ ಪಾದ ಕೂಡಿಸಿ ಬಿದ್ದು ಪಕ್ಕಕ್ಕೆ ಉರುಳುವುದು. ಬೆನ್ನಿಗೆ ದೊಡ್ಡ ಕೊಡೆಯ ಗಂಟು, ಹೊಟ್ಟೆಯ ಮೇಲೆ ಆಪತ್ತಿಗೆಂದು ಇನ್ನೊಂದು ಚಿಕ್ಕ ಗಂಟು. ತೊಡೆಗೆರಡು ಪಟ್ಟಿ, ಎದೆಗೊಂದು ಪಟ್ಟಿ. ಎದೆಯ ಪಟ್ಟಿ ಹಾಕದಿದ್ದರೆ ಕೊಡೆ ಬಿಚ್ಚಿಕೊಂಡು ಜಗ್ಗಿದಾಗ ಹೆಗಲಿನ ಪಟ್ಟಿಗಳು ಜಾರಿ, ಮನುಷ್ಯ ಅಂಗಿ ಕಳಚಿದ ಹಾಗೆ ಅದರಿಂದ ಕಳಚಿ ಬೀಳುತ್ತಾನೆ. ಇದನ್ನು ಬ್ರೌನ್ ಪ್ರತಿ ವಾರ ಹೇಳುತ್ತಿದ್ದ. ಹೊಟ್ಟೆಯ ಗಂಟು ಗದ್ದದವರೆಗೆ ಉಬ್ಬಿಕೊಳ್ಳುವುದರಿಂದ ನಮ್ಮ ಎದೆ ನಮಗೇ ಕಾಣುವುದಿಲ್ಲ. ಅದಕ್ಕಾಗಿಯೇ ಜೋಡಿ. ನನ್ನನ್ನು ಈರಪ್ಪ ನೋಡಬೇಕು, ಈರಪ್ಪನನ್ನು ನಾನು.

“ಕಣ್ಣಿನಿಂದಲ್ಲ, ಕೈಯಿಂದ ನೋಡಿ. ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ. ಕೈಗೆ ಇದ್ದದ್ದೇ ಸಿಗುತ್ತದೆ” ಎನ್ನುತ್ತಿದ್ದ ಬ್ರೌನ್. ನೋಡಿಸಿಕೊಳ್ಳುವವನು ಎರಡೂ ಕೈ ಅಗಲಿಸಿ ನಿಲ್ಲಬೇಕು. ತಲೆಯಿಂದ ಕಾಲಿನವರೆಗೆ ಪ್ರತಿಯೊಂದು ಪಟ್ಟಿಯನ್ನೂ ಹಿಡಿದು ಜಗ್ಗಬೇಕು. ಮುಗಿದ ಮೇಲೆ ಗಟ್ಟಿಯಾಗಿ ಹೇಳಬೇಕು. ಇಂಗ್ಲಿಷರು ಹೆಬ್ಬೆರಳು ಎತ್ತಿ ಏನೋ ಅನ್ನುತ್ತಿದ್ದರು. ನನ್ನ ಬಾಯಲ್ಲಿ ಅಡ್ಡಿಲ್ಲೆ ಬಂತು. ಅದರ ಅರ್ಥವೇನು ಎಂದು ಬ್ರೌನ್ ಕೇಳಿದ. ಯಾವ ತೊಡಕೂ ಇಲ್ಲ ಎಂದರ್ಥ ಎಂದೆ. ಅವನಿಗೆ ಬಹಳ ಹಿಡಿಸಿತು. ಮೂರನೆಯ ಭಾನುವಾರದ ಹೊತ್ತಿಗೆ ಆ ಬಯಲಿನ ಅರ್ಧ ಜನ ನಾಲಿಗೆ ತಿರುಚಿ “ಅಡಿಲೇ, ಅಡಿಲೇ” ಎನ್ನುತ್ತಿದ್ದರು.

ಈರಪ್ಪನ ಎದೆಯ ಪಟ್ಟಿ ಕರಡಿಗೆಯ ಮೇಲೇ ಬರುತ್ತಿತ್ತು. ಬಿಗಿದರೆ ಬೆಳ್ಳಿಯ ಅಂಚು ಎದೆಗೆ ಒತ್ತುತ್ತಿತ್ತು. ಅವನು ಕರಡಿಗೆಯನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಿದ್ದ, ನಾನು ಪಟ್ಟಿ ಜಗ್ಗುತ್ತಿದ್ದೆ. ಮೊದಲ ಸಲ ನಾನು ಕೈ ಹಿಂದೆ ತೆಗೆದಾಗ ಅವನೇ ಹೇಳಿದ್ದ, “ಮುಟ್ರಿ, ಏನಾಗೂದಿಲ್ಲ. ಅಂಗಿ ಮ್ಯಾಲಿಂದ ಮುಟ್ಟಿದ್ರ ಶಿವ ಏನ್ ಸಿಟ್ಟಾಗ್ತಾನೇನ್ರಿ?” ಆಮೇಲೆ ಮೂರು ವಾರ ನಾನು ಆ ಪಟ್ಟಿಯನ್ನು ಎಷ್ಟು ಸಲ ಜಗ್ಗಿದ್ದೇನೋ ಲೆಕ್ಕವಿಲ್ಲ. ಓದುವವರು ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಹಾರಿದ ದಿನ

ನಾಲ್ಕನೆಯ ಭಾನುವಾರ ಬೆಳಿಗ್ಗೆಯೆಲ್ಲ ಗಾಳಿ. ಕಟ್ಟಿಕೊಂಡು ಕೂತೆವು, ಬಿಚ್ಚಿದೆವು, ಮತ್ತೆ ಕಟ್ಟಿಕೊಂಡೆವು. ಮಧ್ಯಾಹ್ನದ ಮೇಲೆ ಗಾಳಿ ನಿಂತಿತು. ಮೋಡ ಬರುವುದರೊಳಗೆ ಹೊರಡಬೇಕೆಂದು ಬ್ರೌನ್ ಅವಸರ ಮಾಡಿದ. ಕಾದು ಕೂತಾಗ ಒತ್ತುತ್ತಿದೆ ಎಂದು ಈರಪ್ಪ ಎದೆಯ ಪಟ್ಟಿಯ ಕೊಂಡಿ ಕಳಚಿಕೊಂಡಿದ್ದ. ಕರೆದ ಕೂಡಲೇ ಹಾಗೆಯೇ ಎದ್ದು ಬಂದ.

ನಾನು ಫೋಟೋಕ್ಕಾಗಿ ಮಿಸೆಸ್ ಪಾಮರಳನ್ನು ಕರೆಸಿದ್ದೆ. ಅವಳು ಡಬ್ಬಿ ಕ್ಯಾಮೆರಾ ಹಿಡಿದುಕೊಂಡು ಬಿಸಿಲು ನೋಡಿ ನನ್ನನ್ನು ಅಲ್ಲಿ ಇಲ್ಲಿ ನಿಲ್ಲಿಸುತ್ತಿದ್ದಳು. ಈರಪ್ಪ ಮೊದಲು ನನ್ನನ್ನು ಪರೀಕ್ಷೆ ಮಾಡಿದ, ತಲೆಯಿಂದ ಕಾಲಿನವರೆಗೆ, ಒಂದೂ ಬಿಡದೆ. ಆಮೇಲೆ ನನ್ನ ಎದುರಿಗೆ ಕೈ ಅಗಲಿಸಿ ನಿಂತ.

“ನೋಡ್ರಿ ಹೆಗಡೇರ ಒಮ್ಮೆ.”

ಅದೇ ಹೊತ್ತಿಗೆ ಮಿಸೆಸ್ ಪಾಮರ್ ಕರೆದಳು. “ಇಲ್ಲಿ ನೋಡಿ! ಸ್ವಲ್ಪ ನಗಿ!”

ನಾನು ಅವಳ ಕಡೆ ತಿರುಗಿದೆ. ಎದೆ ಮುಂದೆ ಮಾಡಿದೆ, ಹೊಟ್ಟೆ ಒಳಗೆ ಎಳೆದುಕೊಂಡೆ, ನಕ್ಕೆ. ಎಡಗೈಯನ್ನು ಪಕ್ಕಕ್ಕೆ ಚಾಚಿ ಈರಪ್ಪನ ಹೆಗಲು ತಟ್ಟಿದೆ. “ಅಡ್ಡಿಲ್ಲೆ” ಎಂದು ಗಟ್ಟಿಯಾಗಿ ಹೇಳಿದೆ. ಕ್ಯಾಮೆರಾ ಕ್ಲಿಕ್ ಎಂದಿತು. ದೂರದಲ್ಲಿದ್ದ ಬ್ರೌನ್ ಆ ಮಾತು ಕೇಳಿ ಹೆಬ್ಬೆರಳು ಎತ್ತಿದ. ತಾನೂ ಒಮ್ಮೆ ನೋಡುವುದು ಅವನ ರೂಢಿ. ಅಂದು ಮೋಡ ನೋಡಿದ, ನನ್ನ ಮಾತನ್ನು ನಂಬಿದ, ಹತ್ತಿರಿ ಎಂದ.

ವಿಮಾನದ ಬಾಗಿಲು ತೆಗೆದಿಟ್ಟಿದ್ದರು. ಒಳಗೆ ಡಿಕ್, ಬ್ರೌನ್, ನಾನು, ಈರಪ್ಪ. ಮೇಲೇರುವಾಗ ಈರಪ್ಪ ಕೆಳಗೆ ನೋಡುತ್ತಲೇ ಇದ್ದ. ನನ್ನ ಕಿವಿಯ ಹತ್ತಿರ ಬಾಗಿ, “ಹದ್ದಿಗೆ ಹಿಂಗ ಕಾಣ್ತೈತಿ ನೋಡ್ರಿ” ಎಂದು ಕೂಗಿದ. ನನಗೆ ಅದನ್ನು ಕೇಳುವ ಸ್ಥಿತಿ ಇರಲಿಲ್ಲ. ಹಲ್ಲು ಕಚ್ಚಿ ಕೂತಿದ್ದೆ. ಬ್ರೌನ್ ನನ್ನ ಬೆನ್ನಿನ ಹಗ್ಗವನ್ನು ವಿಮಾನದ ಕಂಬಿಗೆ ಸಿಕ್ಕಿಸಿದ. ಹಾರಿದಾಗ ಆ ಹಗ್ಗವೇ ಕೊಡೆಯನ್ನು ಎಳೆದು ಬಿಚ್ಚುತ್ತದೆ, ನಾವು ಮಾಡುವುದು ಏನೂ ಇಲ್ಲ. ಹೊರಗೆ ಕಾಲಿಟ್ಟು ರೆಕ್ಕೆಯ ಕಂಬ ಹಿಡಿದೆ. ಅವನು ತೊಡೆಗೆ ತಟ್ಟಿದ. ಬಿಟ್ಟೆ.

ಭಾಷಣದಲ್ಲಿ ಇಲ್ಲಿ ನಾನು ಹತ್ತು ನಿಮಿಷ ತೆಗೆದುಕೊಳ್ಳುತ್ತೇನೆ. ನಿಜವಾಗಿ ನನಗೆ ನೆನಪಿರುವುದು ಹೆಗಲಿಗೆ ಬಿದ್ದ ಜಗ್ಗು, ಆಮೇಲಿನ ಮೌನ, ಎಲ್ಲಿಂದಲೋ ಕೇಳಿದ ಒಂದು ನಾಯಿಯ ಬೊಗಳಿಕೆ. ಬೀಟ್‌ರೂಟಿನ ಗದ್ದೆಯಲ್ಲಿ ಮಂಡಿಯೂರಿ ಬಿದ್ದು, ಎದ್ದು, ಆಕಾಶ ನೋಡಿದೆ. ವಿಮಾನ ಒಂದು ಸುತ್ತು ಬಂತು. ಎರಡನೆಯ ಸುತ್ತು ಬಂತು. ಇನ್ನೊಂದು ಕೊಡೆ ಅರಳಲಿಲ್ಲ. ವಿಮಾನ ಮೆಲ್ಲಗೆ ಬಯಲಿಗೆ ಇಳಿಯಿತು.

ಈರಪ್ಪ ಹೆದರಿದ ಎಂದುಕೊಂಡೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನನಗೆ ಸಂತೋಷವಾಯಿತು. ಕೊಡೆಯನ್ನು ಬಾಚಿ ತಬ್ಬಿಕೊಂಡು ಓಡಿ ಹೋಗಿ, ವಿಮಾನದಿಂದ ಇಳಿಯುತ್ತಿದ್ದವನಿಗೆ ಎಲ್ಲರೆದುರು ಕೇಳಿದೆ, “ಎಂತ ಈರಪ್ಪ, ಕಾಲು ನಡುಗಿಹೋಯ್ತಾ?”

ಅವನು ಪಕ್ಕಕ್ಕೆ ಸರಿದ. ಅವನ ಹಿಂದೆ ಇಳಿದ ಬ್ರೌನನ ಕೈಯಲ್ಲಿ ಈರಪ್ಪನ ಎದೆಯ ಪಟ್ಟಿಯ ತುದಿ ಇತ್ತು.

ಶೆಡ್ಡಿನಲ್ಲಿ

ಬಾಗಿಲ ಹತ್ತಿರ ಕೊನೆಯ ಸಲ ನೋಡುವಾಗ ಬ್ರೌನ್ ಅದನ್ನು ಕಂಡಿದ್ದ. ಹಗ್ಗ ಸಿಕ್ಕಿಸಿಯಾಗಿತ್ತು. ಈರಪ್ಪ ಹೊರಗೆ ಒಂದು ಕಾಲು ಇಟ್ಟಿದ್ದ. ಬ್ರೌನ್ ಅವನ ಅಂಗಿಯ ಕೊರಳಪಟ್ಟಿ ಹಿಡಿದು ಒಳಗೆ ಎಳೆದುಕೊಂಡಿದ್ದ.

ನಮ್ಮಿಬ್ಬರನ್ನು ಶೆಡ್ಡಿನೊಳಗೆ ನಿಲ್ಲಿಸಿದ. ಸುತ್ತ ಹತ್ತು ಹನ್ನೆರಡು ಜನ, ಬಾಗಿಲಲ್ಲಿ ಮಿಸೆಸ್ ಪಾಮರ್. ಬ್ರೌನ್ ಕೂಗಾಡಲಿಲ್ಲ. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಮೆಲ್ಲಗೆ ಕೇಳಿದ, “ನೀನು ಇದನ್ನು ಕೈಯಿಂದ ಮುಟ್ಟಿ ನೋಡಿದೆಯಾ?”

ಇಲ್ಲ ಎನ್ನಬೇಕಿತ್ತು. ಫೋಟೋ ತೆಗೆಸಿಕೊಳ್ಳುತ್ತಿದ್ದೆ ಎನ್ನಬೇಕಿತ್ತು. ಅಷ್ಟು ಜನರ ಕಣ್ಣು ನನ್ನ ಮೇಲೆ. ಇಷ್ಟು ದೂರ ಬಂದ ಹಿಂದೂಸ್ತಾನದವರು ಇಂಥವರು ಎಂದುಕೊಳ್ಳುತ್ತಾರಲ್ಲ ಎಂದು ಆಗ ನನಗೆ ಅನ್ನಿಸಿತೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ಸುಳ್ಳು. ನನ್ನ ಮುಖ ಉಳಿದರೆ ಸಾಕಾಗಿತ್ತು.

“ಅಲ್ಲಿ ಅವನ ದೇವರಿದೆ” ಎಂದೆ. “ಅವರ ಪಂಥದವರ ಲಿಂಗವನ್ನು ಬೇರೆಯವರು ಮುಟ್ಟುವಂತಿಲ್ಲ. ಅದಕ್ಕೇ ನಾನು ಅಲ್ಲಿ ಕೈ ಹಾಕಲಿಲ್ಲ.”

ಬ್ರೌನ್ ಈರಪ್ಪನನ್ನು ಕೇಳಿದ, “ಹೌದಾ?”

ಈರಪ್ಪ ನನ್ನನ್ನು ನೋಡಿದ. ಮೂರು ಭಾನುವಾರವೂ ಹತ್ತು ಹತ್ತು ಸಲ ಆ ಪಟ್ಟಿ ಜಗ್ಗಿದ ಕೈಯನ್ನೂ ನೋಡಿದ. ಅವನು ಬಾಯಿ ಬಿಡುತ್ತಾನೆ, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

“ಹೌದು ಸರ್” ಎಂದ ಈರಪ್ಪ.

ಕಲಿಕೆಯ ಗದ್ದಲದಲ್ಲಿ ನನ್ನ ಕೈ ಎಲ್ಲೆಲ್ಲಿ ಹೋಗುತ್ತಿತ್ತೆಂದು ಬ್ರೌನ್ ಗಮನಿಸಿರಲಿಲ್ಲ, ನಂಬಿದ. ಅವನು ಒಳ್ಳೆಯವನು, ದೇವರ ವಿಷಯಕ್ಕೆ ಮರ್ಯಾದೆ ಕೊಡುವವನು. ಅದೇ ಈರಪ್ಪನಿಗೆ ಮುಳುವಾಯಿತು. ಜೊತೆಗಾರ ಮುಟ್ಟಲಾಗದ್ದನ್ನು ಕಟ್ಟಿಕೊಂಡವನನ್ನು ತಾನು ಮೇಲಕ್ಕೆ ಕಳಿಸಲಾರೆ ಎಂದ. ಹಾರುವ ದಿನ ಅದನ್ನು ತೆಗೆದಿಟ್ಟು ಬಾ, ಇಲ್ಲವೇ ಹಾರುವುದನ್ನು ಬಿಡು, ನಿನ್ನ ಇಷ್ಟ ಎಂದ. ಮುಟ್ಟಬಹುದು ಎಂದು ಒಂದು ಮಾತು ಹೇಳಿದರೆ ಎಲ್ಲ ಸರಿಯಾಗುತ್ತಿತ್ತು. ಹೇಳಬೇಕಾದವರು ಇಬ್ಬರಿದ್ದೆವು. ನಾನು ನೆಲ ನೋಡುತ್ತಿದ್ದೆ. ಅವನು ಅಂಗಿಯ ಮೇಲಿಂದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, “ಹಾಗಾದರೆ ಬೇಡ ಸರ್” ಎಂದ.

ಕೊಡೆ ಮಡಚುವ ಮೇಜು

ನಾನು ಹಾರುವುದನ್ನು ಬಿಟ್ಟೆ ಎಂದು ನೀವು ಎಣಿಸಬಹುದು. ಬಿಡಲಿಲ್ಲ. ಬಿಟ್ಟರೆ ಜನ ಸಂಶಯಪಡುತ್ತಾರೆ ಎಂಬ ಹೆದರಿಕೆ. ಬಿಡಾರದಲ್ಲಿ ನಾವು ಒಂದೇ ಒಲೆಯ ಮೇಲೆ ಅನ್ನ ಮಾಡಿಕೊಂಡು ಊಟ ಮಾಡಿದೆವು, ಅಕ್ಕಿ ಉಪ್ಪಿನ ಮಾತಾಡಿದೆವು, ಆ ವಿಷಯ ಎತ್ತಲಿಲ್ಲ. ಭಾನುವಾರ ಬಂದರೆ ಅವನೂ ಬಯಲಿಗೆ ಬರುತ್ತಿದ್ದ. ಬಟ್ಟೆ ವ್ಯಾಪಾರದ ಮನೆಯವನು, ಥಾನು ಬಿಚ್ಚುವ ಮಡಚುವ ಕೈ. ಶೆಡ್ಡಿನ ಉದ್ದನೆಯ ಮೇಜಿನ ಮೇಲೆ ರೇಷ್ಮೆಯಂಥ ಕೊಡೆಯನ್ನು ಹಾಸಿ ಒಂದೊಂದೇ ಪದರ ಕೂಡಿಸಿ ಮಡಚುವುದನ್ನು ಎರಡೇ ವಾರದಲ್ಲಿ ಕಲಿತ. ಬ್ರೌನ್ ಪಕ್ಕದಲ್ಲಿ ನಿಂತು ನೋಡಿ, ಇಷ್ಟು ಚಂದ ಮಡಚುವವರು ತನ್ನಲ್ಲಿ ಇಲ್ಲ ಎಂದ.

ನನ್ನ ಎರಡನೆಯ ಹಾರಾಟಕ್ಕೆ ಮೇಜಿನ ಮೇಲಿದ್ದ ಗಂಟು ಈರಪ್ಪ ಮಡಚಿದ್ದು.

ಬೆನ್ನಿಗೆ ಏರಿಸುವ ಮುಂಚೆ ನಾನು ಅದನ್ನು ಪರೀಕ್ಷೆ ಮಾಡಿದೆ. ಪ್ರತಿ ಗುಂಡಿ, ಪ್ರತಿ ದಾರ, ಪ್ರತಿ ಪಿನ್ನು. ಒಮ್ಮೆ ನೋಡಿ ಸಮಾಧಾನವಾಗದೆ ಇನ್ನೊಮ್ಮೆ ನೋಡಿದೆ. ನಿಜವಾದ ಹಾರಾಟದ ಮುಂಚೆ ನಾನು ಸರಿಯಾಗಿ ಪರೀಕ್ಷೆ ಮಾಡಿದ್ದು ಅದೇ ಮೊದಲು, ಅದೂ ಎಚ್ಚರದಿಂದಲ್ಲ, ಅವನ ಮೇಲಿನ ಸಂಶಯದಿಂದ. ನಾನು ಅವನಿಗೆ ಮಾಡಿದ್ದನ್ನು ಅವನು ನನಗೆ ಮಾಡಿರಬಹುದೆಂದು ಹೆದರಿದ್ದೆ. ತಲೆ ಎತ್ತಿದಾಗ ಈರಪ್ಪ ಎದುರಿಗೇ ನಿಂತಿದ್ದ. ನನ್ನ ಮನಸ್ಸಿನಲ್ಲಿದ್ದದ್ದು ಅವನಿಗೆ ತಿಳಿಯಿತೆಂದು ಅವನ ಮುಖದಲ್ಲೇ ಕಂಡಿತು.

“ನೋಡ್ರಿ, ನೋಡ್ರಿ” ಎಂದ. “ನೋಡೂದು ಛಲೋ ಐತ್ರಿ.”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅಂದು ನಾನು ಮೇಲಿಂದ ಇಳಿದಷ್ಟು ಹೊತ್ತೂ ಮುಖ ಬಿಸಿಯಾಗಿಯೇ ಇತ್ತು. ಆಮೇಲೆ ಇನ್ನೊಂದು ಸಲ ಹಾರಿದೆ. ಬ್ರೌನ್ ಹಿತ್ತಾಳೆಯ ಒಂದು ಬಿಲ್ಲೆ ಕೊಟ್ಟ. ಅದು ಈಗಲೂ ಪೆಟ್ಟಿಗೆಯಲ್ಲಿದೆ, ನಾನು ತೆಗೆದು ನೋಡುವುದಿಲ್ಲ.

ಹೊರಡುವ ಮೊದಲು ನಮ್ಮ ಬೆಟ್ಟ ಕಣಿವೆಗಳ ನಕ್ಷೆಯನ್ನು ಡಿಕ್‌ಗೆ ತೋರಿಸಿದೆವು. ಬೆರಳಿಟ್ಟು ನೋಡಿ ತಲೆ ಅಲ್ಲಾಡಿಸಿದ. “ಈ ಕಣಿವೆಯೊಳಗೆ ಇಳಿಯುತ್ತೇನೆ, ಹೊರಗೆ ಬರುವುದು ಸಂಶಯ” ಎಂದ. ಇಲಾಖೆಗೆ ನಾವು ಬರೆದ ವರದಿಯ ಸಾರ ಅಷ್ಟೇ. ಉಮ್ಮಚಗಿಯಲ್ಲಿ ಕೈಪಂಪು ಹಾಗೆಯೇ ನಡೆಯಿತು.

ಬನವಾಸಿ ಬಸ್ಸು

ಇದೆಲ್ಲ ಆಗಿ ಐದು ವರ್ಷದ ಮೇಲಾಯಿತು. ನನಗೆ ಶಿರಸಿಗೆ ವರ್ಗವಾಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಯ ಮನೆ ಮಾಡಿದ್ದೇನೆ. ಈರಪ್ಪ ಇಲಾಖೆ ಬಿಟ್ಟು ತಮ್ಮ ಅಂಗಡಿಯಲ್ಲೇ ಕೂತಿದ್ದಾನೆ ಎಂದು ಕೇಳಿದ್ದೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತ. ತಂಗಿಯ ಮದುವೆಯ ಕಾಗದ ಕೊಡಲು ಬಂದಿದ್ದ.

ನನ್ನ ಹೆಂಡತಿಗೆ ಅವನನ್ನು ಕಂಡು ಬಹಳ ಖುಷಿಯಾಯಿತು. ಚಾ ಕೊಟ್ಟಳು. ಗೋಡೆಯ ಮೇಲಿನ ಫೋಟೋವನ್ನು ಸೆರಗಿನಿಂದ ಒರೆಸಿ, ನಾನು ಬೇಡ ಬೇಡ ಎನ್ನುವುದರೊಳಗೆ ಕೆಳಗಿಳಿಸಿ ಅವನ ಕೈಗೇ ಕೊಟ್ಟಳು.

“ನಮ್ಮನೆಯವ್ರು ಹಾರಿದ ದಿವ್ಸ ತೆಗೆದದ್ದಂತೆ. ನೀವೂ ಪಕ್ಕದಲ್ಲಿದ್ದೀರಿ ನೋಡಿ.”

ನನಗೆ ಆ ಫೋಟೋದ ಒಂದೊಂದು ಎಳೆಯೂ ಗೊತ್ತು. ನಡುವೆ ನಾನು, ಹಲ್ಲು ಬಿಟ್ಟುಕೊಂಡು. ನನ್ನ ಎಡಗೈ ಪಕ್ಕದವನ ಹೆಗಲ ಮೇಲೆ. ಪಕ್ಕದಲ್ಲಿ ಈರಪ್ಪ, ಎರಡೂ ಕೈ ಅಗಲಿಸಿಕೊಂಡು, ಕ್ಯಾಮೆರಾದ ಕಡೆಯಲ್ಲ, ನನ್ನ ಕಡೆ ನೋಡುತ್ತ. ಅವನ ಎದೆಯಿಂದ ಒಂದು ಪಟ್ಟಿ ನೇತಾಡುತ್ತಿದೆ. ನೋಡಿದವರೆಲ್ಲ ಅದನ್ನು ಏನೋ ಅಲಂಕಾರ ಎಂದುಕೊಂಡರು. ಅಪ್ಪ ಕಟ್ಟು ಹಾಕಿಸಿ ಕೊಟ್ಟದ್ದು, ಇಳಿಸಿದರೆ ಯಾಕೆ ಎಂದು ಕೇಳುತ್ತಾರೆಂದು ನಾನು ಇಳಿಸಿರಲಿಲ್ಲ.

ಈರಪ್ಪ ಬಹಳ ಹೊತ್ತು ನೋಡಿದ. “ಛಲೋ ಬಂದೈತ್ರಿ ಅಕ್ಕಾರ” ಎಂದು ಫೋಟೋವನ್ನು ಅವಳಿಗೆ ವಾಪಸು ಕೊಟ್ಟ.

ಬಸ್ಸಿನವರೆಗೆ ಜೊತೆಯಲ್ಲಿ ಹೋದೆ. ಬನವಾಸಿ ಬಸ್ಸು ನಿಂತಿತ್ತು, ಡ್ರೈವರ್ ಇನ್ನೂ ಹತ್ತಿರಲಿಲ್ಲ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಗೊತ್ತಿತ್ತು.

“ಈರಪ್ಪ, ಆವತ್ತು ನಾನು ಲಿಂಗದ ಹೆಸರು ಹೇಳಿದ್ದು ಸುಳ್ಳು. ಫೋಟೋಕ್ಕೆ ನಿಂತಿದ್ದೆ ನಾನು. ನಿಮ್ಮ ಕಡೆ ತಿರುಗಿಯೂ ನೋಡ್ಲಿಲ್ಲ.”

“ಗೊತ್ತೈತ್ರಿ” ಎಂದ. “ನಾ ನಿಮ್ಮ ಮುಂದನ ನಿಂತಿದ್ನಲ್ಲರಿ.”

“ಮತ್ತೆ ಬ್ರೌನ್ ಕೇಳಿದಾಗ ಹೌದು ಅಂದ್ರಲ್ಲ, ಎಂತಕ್ಕೆ?”

ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ಅಷ್ಟು ಮಂದ್ಯಾಗ ನಮ್ಮ ಕಡೆಯವ್ರು ಅಂತ ಇದ್ದವ್ರು ನಾವು ಇಬ್ರ ರೀ. ಸುಳ್ಳ ಹೇಳಾಕತ್ತಾರ ಅಂತ ನಾ ಹೆಂಗ ಅನ್ಲಿ? ನೀವ ಹೇಳ್ತೀರಿ, ಇವತ್ತಿಲ್ಲ ನಾಳೆ ಹೇಳ್ತೀರಿ, ಅಂದ್ಕೊಂಡೆ. ಮುಂದಿನ ಐತವಾರ ಹೇಳ್ತೀರಿ ಅಂದ್ಕೊಂಡೆ. ಅದಕ್ಕ ಪ್ರತಿ ಐತವಾರ ಬಯಲಿಗೆ ಬರ್ತಿದ್ನಿರಿ.”

ನಾನು ಬಾಯಿ ತೆರೆದೆ. ತಪ್ಪಾಯಿತು ಎಂದೆನೋ ಏನೋ, ಬಸ್ಸು ಶುರುವಾದ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಈರಪ್ಪ ಚೀಲವನ್ನು ಕೆಳಗಿಟ್ಟ. ನನ್ನ ಎದುರಿಗೆ ನಿಂತು ಎರಡೂ ಕೈ ಅಗಲಿಸಿದ. ಬಸ್ಸಿನೊಳಗಿಂದ ಜನ ಇಣುಕಿ ನೋಡುತ್ತಿದ್ದರು.

“ನೋಡ್ರಿ ಒಮ್ಮೆ” ಎಂದ.

ಅವನ ಎದೆಯ ಮೇಲೆ ಕೈ ಇಟ್ಟೆ. ಅಂಗಿಯ ಕೆಳಗೆ ಕರಡಿಗೆಯ ಅಂಚು ಸಿಕ್ಕಿತು, ದುಂಡಗೆ, ಬೆಚ್ಚಗೆ. ಅದರ ದಾರದ ಮೇಲೆ ಬೆರಳು ಸರಿಸಿಕೊಂಡು ಹೆಗಲವರೆಗೆ ಹೋದೆ, ಆ ಕಡೆಯಿಂದ ಇಳಿದು ಬಂದೆ.

“ಹೆಂಗೈತ್ರಿ?” ಎಂದು ಕೇಳಿದ.

ಆ ಮಾತು ರೂಢಿಯಂತೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಕಂಡಕ್ಟರ್ ಸೀಟಿ ಊದಿದ, ಹತ್ತಿ ಹತ್ತಿ ಎಂದು ಕೂಗಿದ. ನಾನು ಇನ್ನೂ ಕೈಯಿಂದ ನೋಡುತ್ತಿದ್ದೆ.